ಜರ್ಮನ್ ಸಾಹೇಬರ ಗುಂಡಿಗೆ ನಾನೇ ನಾಲಿಗೆ

ನನ್ನ ತಂಗಿಯ ಮೊಮ್ಮಗಳು ಈ ವರ್ಷ ತೊಗಲು ತಂತ್ರಜ್ಞಾನದ ಡಿಪ್ಲೊಮಾಕ್ಕೆ ಸೇರಿದ್ದಾಳೆ. ಸೇರುವ ಮೊದಲು ನನ್ನ ಮುಂದೆ ಬಂದು ಕುಳಿತು, "ಅಜ್ಜಾ, ನೀ ಅಷ್ಟು ವರ್ಷ ಅಲ್ಲಿ ಖರೇನ ಏನ್ ಮಾಡ್ತಿದ್ದಿ? ಎಲ್ಲಾರೂ ಮ್ಯಾನೇಜರ್ ಇದ್ದಾ ಅಂತಾರ" ಎಂದು ಕೇಳಿದಳು. ಮ್ಯಾನೇಜರ್ ಎಂಬ ಹಲಗೆ ನನ್ನ ಮೇಜಿನ ಮೇಲೆ ಇದ್ದದ್ದು ನಿಜ. ಅದು ಯಾವಾಗ ಬಂತು, ಅದಕ್ಕೂ ಮೊದಲು ಯಾವ ಹಲಗೆ ಇತ್ತು ಎಂಬುದು ನನಗೇ ನೆನಪಿಲ್ಲ. ನನ್ನ ನಿಜವಾದ ಕೆಲಸ ಬೇರೆ ಇತ್ತು. ತೊಗಲು ಹದ ಮಾಡುವ ಕಷಾಯವನ್ನು ಬಾಯಿಗೆ ಹಾಕಿ ರುಚಿ ನೋಡುತ್ತಿದ್ದೆ.

ಹುಡುಗಿ "ಶೀ" ಎಂದಳು. ಈ ಕಸುಬಿಗೆ ಬರುವ ಬೇರೆ ಮಕ್ಕಳೂ ಹಾಗೇ ಅನ್ನಬಹುದು. ಅಂದು ಮುಗಿಸಿ ಮುಂದೆ ಓದಿ.

ನಾನು ಇಂಡಿ ತಾಲ್ಲೂಕಿನ ಅಗರಖೇಡದ ಕುಲಕರ್ಣಿ ಮನೆಯವನು, ಹೆಸರು ವೆಂಕಟೇಶ. ನಮ್ಮದು ವೈಷ್ಣವ ಮನೆತನ. ಅರ್ಧ ಮಾತು ಕನ್ನಡ, ಅರ್ಧ ಮರಾಠಿ. ಏಕಾದಶಿಗೆ ಉಪವಾಸ, ದ್ವಾದಶಿಗೆ ಪಾರಣೆ, ಬಾವಿಕಟ್ಟೆಯಿಂದ ಅಡಿಗೆಮನೆಯವರೆಗೆ ಮಡಿ. ಬಂಧು ಬಳಗದಲ್ಲಿ ಮಾಸ್ತರರು, ತಹಶೀಲ್ ಕಚೇರಿಯವರು ಬೇಕಾದಷ್ಟು ಜನ. ನಾನು ರಸಾಯನಶಾಸ್ತ್ರ ಓದಿ, ಕೆಲಸವಿಲ್ಲದೆ ಊರಿನ ಕಟ್ಟೆಗಳನ್ನೆಲ್ಲ ಸವೆಸುತ್ತಿದ್ದೆ. ಸಿಂದಗಿಯಿಂದ ದೇವರ ಹಿಪ್ಪರಗಿಗೆ ಹೋಗುವ ರಸ್ತೆಯಲ್ಲಿ ಜರ್ಮನಿಯವರೊಬ್ಬರು ಟ್ಯಾನರಿ ಹಾಕಿದ್ದಾರೆ, ಅವರಿಗೆ ರಸಾಯನಶಾಸ್ತ್ರ ಬಲ್ಲವರು ಬೇಕಂತೆ ಎಂದು ಯಾರೋ ಹೇಳಿದರು. ಹೋದೆ.

ಡೀಟರ್ ವಾಲ್ಡ್‌ನರ್ ಸಾಹೇಬರು ಆಗ ಇನ್ನೂ ತರುಣರು. ಮೊಣಕಾಲಿನ ತನಕ ರಬ್ಬರ್ ಬೂಟು, ಬಿಸಿಲಿಗೆ ಕೆಂಪಗೆ ಸುಲಿದ ಮೂಗು. ನನ್ನ ಪದವಿಯ ಕಾಗದವನ್ನು ಅವರು ಮುಟ್ಟಲಿಲ್ಲ. ಕೆಲವು ಬಟ್ಟಲುಗಳಲ್ಲಿ ಕಂದು ಬಣ್ಣದ ನೀರು ತರಿಸಿ ಮುಂದಿಟ್ಟರು.

"ಕುಡೀಬ್ಯಾಡ. ಬಾಯಾಗ ಹೊಳ್ಳಾಡ್ಸು, ಉಗುಳು. ಯಾವುದು ಕಡಕ್, ಯಾವುದು ತಿಳಿ, ಸಾಲಾಗಿ ಇಡು" ಎಂದರು. ಬಿಳಿ ಮನುಷ್ಯನ ಬಾಯಿಂದ ನಮ್ಮ ಕಡೆಯ ಮಾತು ಕೇಳಿ ನಾನು ದಂಗಾದೆ.

ಹಿಂದೆ ನಿಂತಿದ್ದ ಒಬ್ಬ ಗಟ್ಟಿ ಆಳು ನಕ್ಕ. "ಹೆದರಬ್ಯಾಡ್ರಿ ಕುಲಕರ್ಣ್ಯಾರ. ಅದರಾಗ ಇನ್ನಾ ತೊಗಲು ಇಳಿಸಿಲ್ಲ. ಬರೇ ಅಳಲೆಕಾಯಿ ಕುಟ್ಟಿ ನೆನಸಿದ ನೀರು."

ಅವನೇ ಯಮನಪ್ಪ. ತಲೆತಲಾಂತರದಿಂದ ತೊಗಲು ಹದ ಮಾಡುವ ಮನೆಯವನು, ಟ್ಯಾನರಿಯ ಮೇಸ್ತ್ರಿ. ಗಂಟಲು ದೊಡ್ಡದು, ಗರ್ವ ಅದಕ್ಕಿಂತ ದೊಡ್ಡದು. ತನಗೆ ತಿಳಿಯದ್ದು ಈ ನಾಲ್ಕು ತಾಲ್ಲೂಕಿನಲ್ಲಿ ಏನೂ ಇಲ್ಲ ಎಂಬ ನಂಬಿಕೆ ಅವನಿಗೆ ಇವತ್ತಿಗೂ ಇದೆ, ಮತ್ತು ಅರ್ಧದಷ್ಟು ಸಲ ಅವನು ಹೇಳಿದ್ದು ಸರಿಯೂ ಆಗಿರುತ್ತಿತ್ತು.

ಅಳಲೆಕಾಯಿ ಎಂದ ಕೂಡಲೇ ನನಗೆ ಧೈರ್ಯ ಬಂತು. ಸಣ್ಣವನಿದ್ದಾಗ ಹೊಟ್ಟೆ ಕೆಟ್ಟರೆ ಅವ್ವ ಅದನ್ನೇ ತೇಯ್ದು ನೆಕ್ಕಿಸುತ್ತಿದ್ದಳು. ಎಷ್ಟು ತೇಯ್ದರೆ ಎಷ್ಟು ಒಗರು ಎಂಬುದು ನನ್ನ ನಾಲಿಗೆಗೆ ಗೊತ್ತಿತ್ತು. ಬಟ್ಟಲುಗಳನ್ನು ಸಾಲಾಗಿ ಇಟ್ಟೆ. ಸಾಹೇಬರು ತಾವೂ ರುಚಿ ನೋಡುತ್ತ ಬಂದು, ಕೊನೆಯ ಬಟ್ಟಲಿನ ಹತ್ತಿರ ನಿಂತು, "ನಾಳಿಂದ ಬಾ" ಎಂದರು. ನನ್ನ ಸಂದರ್ಶನ ಅಷ್ಟೇ.

ಮನೆಯಲ್ಲಿ ರಾಮಾಯಣವೇ ಆಯಿತು. ಅವ್ವ ಎರಡು ಹೊತ್ತು ನನ್ನ ಕೂಡ ಮಾತು ಬಿಟ್ಟಳು. ಆಮೇಲೆ ಕರೆದು, "ನಿನ್ನ ಬಾಯಾಗ ವೇದ ಅಂತೂ ಇಳೀಲಿಲ್ಲ, ಈಗ ತೊಗಲಿನ ಕಷಾಯ ಇಳೀಲಿಕ್ಹತ್ತದ. ಹೋಗು, ದುಡದ ತಿಂಬೋದ್ರಾಗ ತಪ್ಪಿಲ್ಲ. ಆದ್ರ ಹಿತ್ತಲ ಬಾಗಲಿಂದ ಬಾ, ಬಾವಿ ಕಡೆ ಸ್ನಾನ ಮಾಡು, ಅರಿವಿ ಬದಲ್ಸು, ಆಮ್ಯಾಲ ಒಳಗ ಬಾ" ಎಂದಳು. ಅವ್ವನನ್ನು ಕರೆದುಕೊಂಡು ಸಿಂದಗಿಯಲ್ಲಿ ಮನೆ ಮಾಡಿದೆ. ನಿವೃತ್ತಿಯಾಗುವ ದಿನದವರೆಗೂ ನಾನು ಹಿತ್ತಲ ಬಾಗಿಲಿನಿಂದಲೇ ಮನೆ ಸೇರಿದವನು. ಹೆಣ್ಣು ಕೊಡಲು ಬಂದವರು ನನ್ನ ಕೆಲಸ ಕೇಳಿ ಚಹಾ ಕೂಡ ಮುಗಿಸದೆ ಎದ್ದುಹೋದರು. ಮದುವೆಯಾಗಲಿಲ್ಲ. ಆಗ ನೋವಾಗಿತ್ತು, ಸುಳ್ಳೇಕೆ ಹೇಳಲಿ.

ಸಾಹೇಬರು ಇಲ್ಲಿಗೆ ಬಂದ ಕಥೆಯನ್ನೂ ಹೇಳಬೇಕು. ದಕ್ಷಿಣ ಜರ್ಮನಿಯ ಸಣ್ಣ ಊರೊಂದರಲ್ಲಿ ಅವರ ಮನೆತನದ್ದೇ ಟ್ಯಾನರಿ ಇತ್ತು. ಮುತ್ತಜ್ಜನ ಕಾಲದಿಂದ ಮರದ ತೊಗಟೆಯಲ್ಲಿ ಹದ ಮಾಡುವವರು. ಅಲ್ಲಿ ಎಲ್ಲರೂ ರಾಸಾಯನಿಕ ಉಪ್ಪಿಗೆ ಹೊರಳಿದರು. ಉಪ್ಪಿನಲ್ಲಿ ತೊಗಲು ಒಂದೆರಡು ದಿನದಲ್ಲಿ ಹದವಾಗುತ್ತದೆ. ತೊಗಟೆ, ಕಾಯಿಗಳಲ್ಲಿ ವಾರಗಟ್ಟಲೆ ಬೇಕು. ಸಾಹೇಬರು ಅಪ್ಪನೊಂದಿಗೆ ಜಗಳವಾಡಿ, ಹಳೆಯ ವಿದ್ಯೆ ಉಳಿಯುವುದಾದರೆ ಕುರಿ, ಅಳಲೆಕಾಯಿ, ಬಿಸಿಲು ಮೂರೂ ಇರುವ ಕಡೆ ಮಾತ್ರ ಎಂದು ಹೆಂಡತಿ ಉಲ್ರಿಕೆಯವರನ್ನು ಕರೆದುಕೊಂಡು ಇಲ್ಲಿಗೆ ಬಂದರು. ಸಲಹೆಗಾರರಾಗಿ ಬಂದವರು ಇಲ್ಲಿಯೇ ಬೇರು ಬಿಟ್ಟರು. ಮಗಳು ಹನ್ನಾ ಹುಟ್ಟಿದ್ದು ವಿಜಯಪುರದ ಆಸ್ಪತ್ರೆಯಲ್ಲಿ. ಉಲ್ರಿಕೆ ಬಾಯಿಸಾಹೇಬರು ರೊಟ್ಟಿ ಬಡಿಯುವುದನ್ನು ಯಮನಪ್ಪನ ಹೆಂಡತಿಯಿಂದ ಕಲಿತರು. ಹನ್ನಾ ಬೈಗುಳಗಳನ್ನು ಯಮನಪ್ಪನಿಂದಲೇ ಕಲಿತಳು.

ಇನ್ನು ಕೆಲಸ. ಹಸಿ ತೊಗಲನ್ನು ತೊಳೆದು, ಸುಣ್ಣದ ಗುಂಡಿಗೆ ಹಾಕಿ, ರೋಮ ತೆಗೆದು, ಮಾಂಸದ ಬದಿ ಕೆರೆದು, ಸುಣ್ಣ ಬಿಡಿಸಿದ ಮೇಲೆ ಹದದ ಗುಂಡಿಗಳ ಸಾಲು ಶುರುವಾಗುತ್ತದೆ. ಮೊದಲ ಗುಂಡಿಯಲ್ಲಿ ತಿಳಿ ಕಷಾಯ, ಮುಂದಿನದರಲ್ಲಿ ಸ್ವಲ್ಪ ಗಟ್ಟಿ, ಕೊನೆಯದರಲ್ಲಿ ಬಾಯಿ ಮುದುಡುವಂಥದ್ದು. ತೊಗಲು ಮೆಟ್ಟಿಲು ಹತ್ತಿದಂತೆ ಒಂದೊಂದೇ ಗುಂಡಿ ದಾಟಬೇಕು. ಅವಸರ ಮಾಡಿ ತಿಳಿ ಗುಂಡಿಯಿಂದ ನೇರವಾಗಿ ಗಟ್ಟಿ ಗುಂಡಿಗೆ ಇಳಿಸಿದರೆ ಮೇಲ್ಪದರ ಬಿಗಿದು ಮುಚ್ಚಿಕೊಳ್ಳುತ್ತದೆ, ಒಳಗೆ ಹಸಿಯೇ ಉಳಿಯುತ್ತದೆ. ನೋಡಲು ಚೆಂದ. ಮಡಿಸಿದರೆ ಬಿರುಕು.

ಈ ಒಗರನ್ನು ಅಳೆಯುವವನು ನಾನು. ಹೊಸ ಕಷಾಯ ತಯಾರಾದಾಗ, ಅದರಲ್ಲಿ ತೊಗಲು ಇಳಿಯುವ ಮೊದಲು, ಬೆಳಗಿನ ಹೊತ್ತು ಖಾಲಿ ಹೊಟ್ಟೆಯಲ್ಲಿ ರುಚಿ ನೋಡುತ್ತಿದ್ದೆ. ಏಕಾದಶಿಯ ದಿನ ಮಾತ್ರ ಸಾಧ್ಯವಿರಲಿಲ್ಲ. ನಮ್ಮದು ನೀರೂ ಮುಟ್ಟದ ಉಪವಾಸ. ಅಂದು ನನಗೆ ರಜೆ, ಸಾಹೇಬರೇ ರುಚಿ ನೋಡುತ್ತಿದ್ದರು. ಪಂಚಾಂಗವನ್ನು ತರಿಸಿ ಕಚೇರಿಯ ಗೋಡೆಗೆ ತೂಗುಹಾಕಿ, ನನ್ನ ಏಕಾದಶಿಗಳಿಗೆಲ್ಲ ತಾವೇ ಕೆಂಪು ಗುರುತು ಮಾಡುತ್ತಿದ್ದರು.

ನಮ್ಮ ಎಡವಟ್ಟುಗಳಿಗೇನೂ ಬರವಿರಲಿಲ್ಲ. ಒಮ್ಮೆ ಸಾಹೇಬರಿಗೆ ಕುಸುಬಿ ಎಣ್ಣೆಯ ಮೇಲೆ ಪ್ರೀತಿ ಹುಟ್ಟಿತು. ಹದವಾದ ತೊಗಲಿಗೆ ಹೊಂಗೆ ಎಣ್ಣೆ ಉಜ್ಜುವುದು ರೂಢಿ. ಸುತ್ತಲ ಹೊಲದಲ್ಲೆಲ್ಲ ಕುಸುಬಿ ಬೆಳೆಯುವಾಗ ಹೊಂಗೆ ಏಕೆ ಎಂದು ಅವರು ವಾದ ಹೂಡಿದರು. ಯಮನಪ್ಪ ಬೇಡವೆಂದ, ನಾನೂ ಬೇಡವೆಂದೆ. ಹಿಡಿದ ಪಟ್ಟು ಬಿಡುವ ಜಾತಿಯಲ್ಲ ಅವರದು. ಬೇಸಗೆ ಬಂದಾಗ ಆ ಎಣ್ಣೆ ಅಂಟಾಗಿ, ಗೋದಾಮಿನ ತೊಗಲುಗಳೆಲ್ಲ ಬೆಲ್ಲ ಸವರಿದ ಹಾಗೆ ಒಂದಕ್ಕೊಂದು ಅಂಟಿಕೊಂಡವು. ಸಾಹೇಬರು ಅಂಟಿದ ಒಂದು ಜೋಡಿಯನ್ನು ಗೇಟಿಗೆ ನೇತುಹಾಕಿ, "ಇದು ನನ್ನ ಬುದ್ಧಿ. ದಿನಾ ನೋಡ್ರಿ" ಎಂದರು. ಇಂಥ ಮೇಲಧಿಕಾರಿ ನಿಮಗೆ ಸಿಕ್ಕರೆ ಬಿಡಬೇಡಿ.

ನನ್ನದೂ ಒಂದಿದೆ. ಕಷಾಯ ಸಾಗಿಸಲು ಮುದ್ದೇಬಿಹಾಳದ ಸಂತೆಯಿಂದ ಗಟ್ಟಿಮುಟ್ಟಾದ ಕಬ್ಬಿಣದ ತೊಟ್ಟಿಯೊಂದನ್ನು ತಂದು ಬೀಗಿದೆ. ಮರುದಿನ ಆಡಿನ ತೊಗಲೆಲ್ಲ ನೀಲಿಗಪ್ಪು. ಅಳಲೆಕಾಯಿಗೆ ಕಬ್ಬಿಣ ತಾಗಿದರೆ ಮಸಿಯಾಗುತ್ತದೆ. ಇದು ಬೇರೆ ಯಾರಿಗೆ ತಿಳಿಯದಿದ್ದರೂ ನನಗೆ ತಿಳಿಯಬೇಕಿತ್ತು, ಏಕೆಂದರೆ ನಮ್ಮಜ್ಜ ಊರಿನ ಲೆಕ್ಕ ಬರೆಯಲು ಇದೇ ಕಾಯಿ ಕುಟ್ಟಿ, ಕಬ್ಬಿಣದ ಬಾಣಲೆಯಲ್ಲಿ ನೆನೆಹಾಕಿ ಮಸಿ ಮಾಡುತ್ತಿದ್ದ! ಯಮನಪ್ಪ ಇಡೀ ಅಂಗಳಕ್ಕೆ ಕೇಳುವಂತೆ, "ಕುಲಕರ್ಣ್ಯಾರು ಕಾಗದ ಮುಗಿಸಿ ಈಗ ತೊಗಲಿನ ಮ್ಯಾಲ ಬರಿಯಾಕ ಹತ್ತ್ಯಾರ" ಎಂದ. ಆ ಮಾತು ನನ್ನನ್ನು ನಿವೃತ್ತಿಯವರೆಗೂ ಬಿಡಲಿಲ್ಲ.

ಕಾಲ ಬದಲಾಯಿತು. ಹನ್ನಾ ಓದು ಮುಗಿಸಿ ಬಂದು ಹುಳಿ ಅಳೆಯುವ ಮೀಟರುಗಳನ್ನು ತಂದಳು. ನಾನು ಮೊದಲು ಮೂಗು ಮುರಿದೆ. ಆಮೇಲೆ ಒಂದು ಸಲ ಬೆಳಗ್ಗೆ ಶೇಂಗಾ ಚಟ್ನಿ ತಿಂದು ಬಂದು ಕಷಾಯ ಹುಳಿಯಾಗಿಲ್ಲ ಎಂದೆ; ಮೀಟರು ಹುಳಿಯಾಗಿದೆ ಎಂದಿತು. ಮೀಟರೇ ಗೆದ್ದಿತು. ಅಂದಿನಿಂದ ನಾವಿಬ್ಬರೂ ಕೂಡಿ ಕೆಲಸ ಮಾಡಿದೆವು. ಹುಳಿಯನ್ನು ಮೀಟರು ಹೇಳುತ್ತದೆ, ಕಷಾಯದ ದಪ್ಪವನ್ನು ಗಾಜಿನ ತೇಲುಗಡ್ಡಿ ಹೇಳುತ್ತದೆ, ಆದರೆ ತೇಲುಗಡ್ಡಿಗೆ ಕಸದ ದಪ್ಪವೂ ಒಂದೇ, ಕಾಯಿಯ ಸತ್ವದ ದಪ್ಪವೂ ಒಂದೇ. ಒಗರನ್ನು ಪ್ರಯೋಗಶಾಲೆಗೆ ಕಳಿಸಿದರೆ ಉತ್ತರ ಬರುವಷ್ಟರಲ್ಲಿ ತೊಗಲು ಗುಂಡಿಯಲ್ಲೇ ಮುದಿಯಾಗುತ್ತದೆ. ನಾಲಿಗೆಯ ಕೆಲಸ ಉಳಿದದ್ದು ಹೀಗೆ.

ಆದರೆ ಕೊಳ್ಳುವವರು ಉಳಿಯಲಿಲ್ಲ. ಉಪ್ಪಿನ ತೊಗಲು ಬೇಗ ಸಿಗುವಾಗ ನಮ್ಮ ತೊಗಲಿಗೆ ಕಾಯುವವರು ಯಾರು? ಗುಂಡಿಗಳು ಒಂದೊಂದಾಗಿ ಒಣಗಿದವು. ಒಂದು ಸಂಜೆ ಸಾಹೇಬರು ನಮ್ಮನ್ನೆಲ್ಲ ಅಂಗಳದಲ್ಲಿ ಕೂಡಿಸಿ ನೇರವಾಗಿ ಹೇಳಿದರು: "ಈ ವರ್ಷ ಒಂದು ದೊಡ್ಡ ಆರ್ಡರ್ ಬರಲಿಲ್ಲಾ ಅಂದ್ರ ಮುಚ್ಚತೇನಿ. ನಾವು ಜರ್ಮನಿಗೆ ಹೋಗ್ತೇವಿ."

"ನಾ ಹೋಗಂಗಿಲ್ಲ. ನಮ್ಮೂರು ಬಿಟ್ಟು ನಾ ಎಲ್ಲಿಗಿ ಹೋಗ್ಲಿ?" ಎಂದು ಹನ್ನಾ ಎದ್ದು ನಿಂತಳು. ಅಪ್ಪನ ಮುಂದೆ ಅಷ್ಟು ಜೋರಾಗಿ ಅವಳು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಯಮನಪ್ಪನ ಇಬ್ಬರು ತಮ್ಮಂದಿರು, ಒಬ್ಬ ಅಳಿಯ, ಎಲ್ಲರೂ ಅಲ್ಲೇ ದುಡಿಯುವವರು.

ಹನ್ನಾ ಸುಮ್ಮನೆ ಕೂಡಲಿಲ್ಲ. ಅಪ್ಪನಿಗೆ ಹೇಳದೆ ಜರ್ಮನಿಯಲ್ಲಿದ್ದ ಸೋದರತ್ತೆ ಗಿಸೆಲಾಗೆ ಫೋನ್ ಮಾಡಿದಳು. ಸಾಹೇಬರ ಈ ಅಕ್ಕ ತಮ್ಮನ ಕೂಡ ಮಾತು ಬಿಟ್ಟು ಬಹಳ ವರ್ಷವಾಗಿತ್ತು. ಆಕೆ ಹಳೆಯ ಆರ್ಗನ್‌ಗಳನ್ನು ದುರಸ್ತಿ ಮಾಡುವ ಕಾರ್ಖಾನೆ ನಡೆಸುತ್ತಿದ್ದರು. ಆರ್ಗನ್ ಎಂದರೆ ಅವರ ಚರ್ಚಿನಲ್ಲಿ ಗೋಡೆಯುದ್ದಕ್ಕೂ ನಿಲ್ಲುವ ವಾದ್ಯ. ನಮ್ಮ ಭಜನೆಯ ಪೇಟಿಯ ಹಾಗೆಯೇ ಅದಕ್ಕೂ ಗಾಳಿ ಊದುವ ತಿದಿ, ತಿದಿಯ ಮಡಿಕೆಗಳಿಗೆ ಕುರಿಯ ತೊಗಲು. ಗಾಳಿ ಸೋರಬಾರದು, ತಲೆಮಾರುಗಟ್ಟಲೆ ಮಡಿಸಿ ಬಿಚ್ಚಿದರೂ ಬಿರಿಯಬಾರದು. ಅಕ್ಕ ತಮ್ಮಂದಿರ ಹುಟ್ಟೂರಿನ ಚರ್ಚಿನ ಆರ್ಗನ್ನೇ ಆಗ ದುರಸ್ತಿಗೆ ಬಂದಿತ್ತು. ಗಿಸೆಲಾಬಾಯಿ ಹೇಳಿದ್ದು ಇಷ್ಟು: ಒಂದು ಸಣ್ಣ ತಿದಿಗಾಗುವಷ್ಟು ತೊಗಲು ಮಾಡಿ, ನಾನೇ ಬಂದು ನೋಡುತ್ತೇನೆ, ಸರಿ ಇದ್ದರೆ ಇಡೀ ಆರ್ಗನ್ನಿನದು ನಿಮಗೆ, ಇಲ್ಲದಿದ್ದರೆ ಇನ್ನು ಫೋನ್ ಮಾಡಬೇಡಿ.

ಯಮನಪ್ಪ ಬಸವನ ಬಾಗೇವಾಡಿ ಕಡೆಗೆ ಹೋಗಿ ಮಸೂತಿ ಎಂಬ ಊರಿನ ಸುತ್ತಮುತ್ತಲಿನ ಕುರಿಯ ತೊಗಲನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಆರಿಸಿ ತಂದ. ಮುಳ್ಳು ಗೀರಿದ್ದು, ಉಣ್ಣಿಹುಳ ಕಚ್ಚಿದ್ದು ಒಂದೂ ಇರಲಿಲ್ಲ. ತೊಗಲು ಸುಣ್ಣ ದಾಟಿತು, ತಿಳಿ ಗುಂಡಿಗಳನ್ನು ದಾಟಿತು. ಹಾಗಿರುವಾಗ ಬಿರು ಬೇಸಗೆಯ ಏಕಾದಶಿ ಬಂತು.

ಅಂದು ಸಂಜೆ ಹನ್ನಾಳ ಫೋನು. "ಕಾಕಾ, ಅಪ್ಪಗ ಎರಡು ದಿನದಿಂದ ನೆಗಡಿ, ಮೂಗು ಕಟ್ಟೈತಿ. ಹಂಗ ರುಚಿ ನೋಡಿ, ಮುಂದಿನ ಗುಂಡೀದು ಒಗರು ಸಾಲದು ಅಂದಾನ. ಯಮನಪ್ಪ ಇನ್ನಷ್ಟು ಕಾಯಿಪುಡಿ ಸುರುವ್ಯಾನ. ಹುಳಿ ಸರಿ ಐತಿ ಅಂತ ಮೀಟರ್ ಅನ್ನಾಕತ್ತೈತಿ, ತೇಲುಗಡ್ಡಿ ನಂಬಂಗಿಲ್ಲ. ನನಗ ಮಾತ್ರ ಜೀವ ತಡೀವಲ್ದು. ನಾಳೆ ಹೊತ್ತು ಹುಟ್ಟೂದ್ರಾಗ ತೊಗಲು ಇಳಸ್ತಾರ."

ಬಿಸಿಲು ಏರುವ ಮೊದಲೇ ತೊಗಲು ದಾಟಿಸುವುದು ನಮ್ಮ ಪದ್ಧತಿ. ತೊಡಕು ಅಲ್ಲೇ ಇತ್ತು. ಆ ಸಲ ದ್ವಾದಶಿ ಸೂರ್ಯೋದಯವಾದ ಸ್ವಲ್ಪ ಹೊತ್ತಿಗೇ ಮುಗಿಯುತ್ತಿತ್ತು. ಅಷ್ಟರೊಳಗೆ ಪಾರಣೆ ಆಗಲೇಬೇಕು. ಪಾರಣೆ ಮುಗಿಸಿ ಹೋದರೆ ತೊಗಲು ಗುಂಡಿಗೆ ಇಳಿದಿರುತ್ತದೆ. ಪಾರಣೆ ಬಿಟ್ಟು ಹೋದರೆ ಒಂದು ದಿನವೂ ತಪ್ಪದ ವ್ರತ ಮುರಿಯುತ್ತದೆ, ಅದೂ ಬಾಯಿಗೆ ಮೊದಲು ಬೀಳುವುದು ತೀರ್ಥವಲ್ಲ, ಟ್ಯಾನರಿಯ ಕಷಾಯ. ಅಡಕತ್ತರಿಯಲ್ಲಿ ಸಿಕ್ಕಿಕೊಂಡೆ. ಸಾಹೇಬರಿಗೆ ಫೋನ್ ಮಾಡಿ ಒಂದು ದಿನ ತಡೆಯಿರಿ ಎಂದೆ. "ನನ್ನ ಮುತ್ತಜ್ಜನೂ ಇದ ನಾಲಿಗಿ ಇಟಗೊಂಡಿದ್ದ. ಅಕ್ಕ ಬರೂದ್ರಾಗ ತಯಾರ್ ಆಗಬೇಕು" ಎಂದು ಫೋನ್ ಇಟ್ಟುಬಿಟ್ಟರು.

ಅವ್ವನಿಗೆ ಆಗ ಎಂಬತ್ತರ ಆಸುಪಾಸು. ಒಣ ಉಪವಾಸದಲ್ಲೂ ನಡು ನೇರ ಇಟ್ಟುಕೊಂಡು ಜಪಕ್ಕೆ ಕುಳಿತಿದ್ದಳು. ನನ್ನ ಚಡಪಡಿಕೆ ನೋಡಿ ಏನೆಂದು ಕೇಳಿದಳು. ಹೇಳಿದೆ. ಟ್ಯಾನರಿ ಮುಚ್ಚಿದರೆ ಎಷ್ಟು ಮನೆಗಳ ಒಲೆ ಆರುತ್ತದೆ ಎಂಬುದನ್ನೂ ಹೇಳಿದೆ. ಅವಳು ಜಪಮಣಿಯನ್ನು ಪಕ್ಕಕ್ಕಿಟ್ಟಳು.

"ಅದರಾಗ ತೊಗಲು ಇಳದದೇನು?"

"ಇಲ್ಲವ್ವಾ. ಬರೇ ಅಳಲೆಕಾಯಿ."

"ಹಂಗಾರ ಅದು ಔಷಧ. ಔಷಧಕ್ಕ ವ್ರತ ಮುರಿಯೂದಿಲ್ಲ. ನಿನ್ನ ಸಣ್ಣಂದ್ರಾಗ ಏಕಾದಶಿ ದಿನಾನೂ ನೆಕ್ಕಿಸೇನಿ."

"ಪಾರಣಿ ತಪ್ಪತದಲ್ಲವ್ವಾ."

"ಯಾಕ ತಪ್ಪತದ? ಹುಣಸೀಹಣ್ಣಿನಷ್ಟು ಹುಳಿ ಮಾರಿ ಮಾಡಬ್ಯಾಡ. ನಸಿಕಿಲೆ ಎದ್ದು ಪೂಜಿ, ನೈವೇದ್ಯ ಮುಗಸ್ತೇನಿ. ತೀರ್ಥ, ಅಡಿಗಿ ಎಲ್ಲಾ ತೊಗೊಂಡು ನಾನೂ ಬರ್ತೇನಿ. ಆಟೋದವಗ ಹೇಳಿಡು."

ನನಗೆ ಕಿವಿಗಳ ಮೇಲೆ ನಂಬಿಕೆ ಬರಲಿಲ್ಲ. ಟ್ಯಾನರಿಯ ದಿಕ್ಕಿಗೆ ಮುಖ ಮಾಡಿ ಕೂಡ ಮಲಗದ ಹೆಂಗಸು ಅವಳು.

ಇನ್ನೂ ಬೆಳಕು ಸರಿಯಾಗಿ ಹರಿಯುವ ಮೊದಲೇ ಆಟೋ ಟ್ಯಾನರಿಯ ಗೇಟಿಗೆ ಬಂತು. ಅವ್ವ ಮಡಿಸೀರೆ ಉಟ್ಟು, ತಾಮ್ರದ ತಂಬಿಗೆ, ಅಡಿಗೆಯ ಪಾತ್ರೆಗಳನ್ನು ಮಡಿಲಲ್ಲಿಟ್ಟುಕೊಂಡು ಇಳಿದಳು. ಬಾಯಿಸಾಹೇಬರು ಓಡಿ ಬಂದು ಕುರ್ಚಿ ಹಾಕಿದರು. "ಖುರ್ಚಿ ಬ್ಯಾಡವಾ, ಮಡೀಲಿದ್ದೇನಿ. ನೀ ಮಾತ್ರ ಸ್ವಲ್ಪ ದೂರ ನಿಂದ್ರು, ಸಿಟ್ಟಾಗಬ್ಯಾಡ" ಎಂದು ಗೇಟಿನ ಹೊರಗಿನ ಬೇವಿನ ಗಿಡದ ಕೆಳಗೆ ನೀರು ಚಿಮುಕಿಸಿ, ಮಣೆ ಹಾಕಿಕೊಂಡು ಕುಳಿತಳು. ಬಾಯಿಸಾಹೇಬರು ನಗುತ್ತ ದೂರ ನಿಂತರು.

ನಾನು ಒಳಗೆ ಓಡಿದೆ. ಯಮನಪ್ಪನ ಜನ ತೊಗಲನ್ನು ತಿಳಿ ಗುಂಡಿಯಿಂದ ಎತ್ತಿ ಸೋರಲು ಹಾಕಿದ್ದರು. ಇಳಿಸುವುದೊಂದೇ ಬಾಕಿ. ಬಟ್ಟಲಲ್ಲಿ ಹೊಸ ಕಷಾಯ ತೆಗೆದುಕೊಂಡು ಬಾಯಿಗೆ ಹಾಕಿದೆ.

ಇಡೀ ದಿನ ನೀರು ಕಾಣದ ನಾಲಿಗೆ ಎಷ್ಟು ಚುರುಕಾಗಿರುತ್ತದೆ ಎಂಬುದು ಅಂದು ತಿಳಿಯಿತು. ಬಾಯಿಯ ಒಳಗೆಲ್ಲ ಹಿಡಿದು ಹಿಂಡಿದ ಹಾಗಾಯಿತು. ಉಗುಳಿದೆ. ಮಾತಾಡಲು ಹೋದರೆ ಮಾತೇ ಹೊರಡದು! ಕೈಯೆತ್ತಿ ಬೇಡ, ಬೇಡ ಎಂದು ಸನ್ನೆ ಮಾಡಿದೆ.

"ಏನಾತ್ರಿ ಕುಲಕರ್ಣ್ಯಾರ? ಬಾಯಿ ಬಿಡ್ರಿ!" ಎಂದು ಯಮನಪ್ಪ ಒದರಿದ.

"ಕೊನೀ ಗುಂಡಿ ಕಷಾಯಕ್ಕಿಂತ ಕಡಕ್ ಐತಿ" ಎಂದೆ, ಹೇಗೋ ನಾಲಿಗೆ ಹೊರಳಿಸಿ. "ಇಳಿಸಿದ್ರ ಎಲ್ಲಾ ಹೋತು."

ಸಾಹೇಬರು ಕೆಂಪು ಮೂಗು ಒರೆಸಿಕೊಳ್ಳುತ್ತ ಬಂದು, ತಾವೂ ಬಾಯಿಗೆ ಹಾಕಿಕೊಂಡು, "ಏನಿಲ್ಲ, ನೀರಿದ್ದಂಗ ಐತಿ" ಎಂದರು. ಯಮನಪ್ಪ ಅತ್ತ ನೋಡುತ್ತಾನೆ, ಇತ್ತ ನೋಡುತ್ತಾನೆ. ಆಗ ಹನ್ನಾ ನನ್ನ ಕೈಯಿಂದ ಬಟ್ಟಲು ಕಸಿದುಕೊಂಡಳು. ಮೀಟರಿನ ಹುಡುಗಿ, ಒಂದು ಸಲವೂ ಕಷಾಯ ಬಾಯಿಗೆ ಹಾಕಿದವಳಲ್ಲ. ಹಾಕಿಕೊಂಡಳು. ಮುಖ ಕಿವುಚಿ, ಕಣ್ಣಲ್ಲಿ ನೀರು ತಂದುಕೊಂಡು ಉಗುಳಿ, "ಅಪ್ಪಾ, ನಿನ್ನ ನಾಲಿಗಿ ಸತ್ತೈತಿ. ಯಾರೂ ತೊಗಲು ಮುಟ್ಟಬ್ಯಾಡ್ರಿ" ಎಂದಳು. ಯಾರೂ ಮುಟ್ಟಲಿಲ್ಲ.

ಹೊರಗಿನಿಂದ ಅವ್ವನ ಕೂಗು ಬಂತು. "ವೆಂಕ್ಯಾ! ದ್ವಾದಶಿ ಮುಗೀಲಿಕ್ಹತ್ತದ!"

ಓಡಿದೆ. ನಲ್ಲಿಯ ಕೆಳಗೆ ಕೈಕಾಲು ತೊಳೆದು ಮಡಿ ಉಟ್ಟು ಬೇವಿನ ಬುಡದಲ್ಲಿ ಕುಳಿತೆ. ತೀರ್ಥ, ತುಳಸಿ, ಅಗಸೆ ಸೊಪ್ಪಿನ ಪಲ್ಯ, ಒಣಗಿಸಿದ ನೆಲ್ಲಿಕಾಯಿಯ, ಅಂದರೆ ನೆಲ್ಲಿಚೆಟ್ಟಿನ, ಗೊಜ್ಜು. ಒಳಗಿನ ಜನರೆಲ್ಲ ಗೇಟಿಗೆ ಬಂದು, ದೂರ ನಿಂತು ನಮ್ಮ ಪಾರಣೆ ನೋಡಿದರು. ಅವ್ವ ನನ್ನ ಎಲೆಗೆ ಬಡಿಸಿ, ನಾನು ಮೊದಲ ತುತ್ತು ತೆಗೆದುಕೊಂಡ ಮೇಲೆ ತಾನು ತೀರ್ಥ ತೆಗೆದುಕೊಂಡಳು. ಅಷ್ಟು ರುಚಿಯಾದ ಊಟ ನಾನು ಆಮೇಲೆ ಉಂಡಿಲ್ಲ. ಯಮನಪ್ಪ ದೂರದಿಂದಲೇ ಕೈಮುಗಿದು, "ಅವ್ವಾರ, ನೀವು ಬರದಿದ್ರ ಇವತ್ತು ನಾವೆಲ್ಲಾ ಮಣ್ಣಾಗತಿದ್ವಿ" ಎಂದ.

"ಮಣ್ಣಾಗಬ್ಯಾಡ್ರಪಾ, ಕೆಲಸ ನೋಡ್ರಿ" ಎಂದಳು ಅವ್ವ.

ಹಳೆಯ ತಿಳಿ ಕಷಾಯ ಬೆರೆಸಿ ಗುಂಡಿಯನ್ನು ಹದಕ್ಕೆ ತರಬೇಕಿತ್ತು. ಈಗ ಹೊಸ ಪೇಚು. ನೆಲ್ಲಿಚೆಟ್ಟು ತಿಂದ ಬಾಯಿಗೆ ನೀರು ಕೂಡ ಸಿಹಿ. ನನ್ನ ನಾಲಿಗೆ ಅಂದಿಗೆ ಕೆಲಸ ಮುಗಿಸಿತ್ತು. ಸಾಹೇಬರದು ನೆಗಡಿಯಲ್ಲಿ ಸತ್ತಿತ್ತು. ಉಳಿದವಳು ಹನ್ನಾ. ಅವಳನ್ನು ಗುಂಡಿಯ ದಂಡೆಗೆ ನಿಲ್ಲಿಸಿ, ಮೊದಲು ತಿಳಿ ಗುಂಡಿಯದು, ಆಮೇಲೆ ಕೊನೆಯ ಗುಂಡಿಯದು ಕೊಟ್ಟು, "ನಾಲಿಗಿ ತುದಿ ಮಾತು ಕೇಳಬ್ಯಾಡ. ದವಡಿ ಬದಿಗೆ ಹೆಂಗ ಹಿಡೀತದ ನೋಡು. ಈ ಎರಡರ ನಡು ಹಿಡಿ" ಎಂದೆ. ಬಾಯಿ ತೊಳೆದುಕೊಂಡು, ಮತ್ತೆ ನೋಡಿ, ಮತ್ತೆ ತೊಳೆದು, ಅವಳು "ಇನ್ನಷ್ಟು ಹಾಕ್ರಿ", "ಇನ್ನಷ್ಟು" ಎನ್ನುತ್ತ ಹೋದಳು. ಕೊನೆಗೆ "ಸಾಕು" ಎಂದಳು. ತೊಗಲು ಇಳಿಯಿತು. ಆ ಹುಡುಗಿಯ ನಾಲಿಗೆಯ ಮೇಲೆ ನಮ್ಮೆಲ್ಲರ ಅನ್ನ ಕುಳಿತಿತ್ತು, ಆದರೂ ನನಗೆ ಅಂದು ರಾತ್ರಿ ಒಳ್ಳೆಯ ನಿದ್ದೆ ಬಂತು.

ಗಿಸೆಲಾಬಾಯಿ ಬಂದರು. ಎತ್ತರದ ಆಳು, ಬೆಳ್ಳಗಿನ ಗಿಡ್ಡ ಕೂದಲು, ನಗು ಕಾಣದ ಮುಖ. ತಮ್ಮನ ಕೈ ಕುಲುಕಿ, ಅಂಗಳದಲ್ಲೇ ನಿಂತು ಜರ್ಮನ್ ಭಾಷೆಯಲ್ಲಿ ಏನೋ ಹೇಳಿದರು. ಸಾಹೇಬರು ತಲೆ ಬಗ್ಗಿಸಿದರು. ನಾವು ಹನ್ನಾಳ ಮುಖ ನೋಡಿದೆವು.

"ನೀ ಓಡಿ ಹೋದಿ, ಅಪ್ಪನ ಗುಂಡಿಗಿ ಮಣ್ಣ ಹಾಕಿ ಮುಚ್ಚಿದಾಕಿ ನಾನು ಅನ್ನಾಕತ್ತಾಳ" ಎಂದು ಅವಳು ಸಣ್ಣಗೆ ಹೇಳಿದಳು.

ಊಟವನ್ನೂ ಮಾಡದೆ ಆಕೆ ತೊಗಲು ತರಿಸಿದರು. ಬಿಸಿಲಿಗೆ ಹಿಡಿದರು, ಮೂಸಿದರು. ಒಂದನ್ನು ಆರಿಸಿ, ಹೊಟ್ಟೆಯ ಕಡೆಯ ತೆಳುವಾದ ಭಾಗವನ್ನು ಬಾಯಿಗೆ ಬಿಗಿಯಾಗಿ ಅದುಮಿ ಊದಿದರು. ಕೆನ್ನೆ ಉಬ್ಬಿತು, ಮುಖ ಕೆಂಪಾಯಿತು. ತೊಗಲಿನ ಆಚೆ ಬದಿಗೆ ಹನ್ನಾ ಅಂಗೈ ಹಿಡಿದಿದ್ದಳು. ಗಾಳಿ ಬರಲಿಲ್ಲ ಎಂದು ತಲೆಯಾಡಿಸಿದಳು. ಆಮೇಲೆ ಇನ್ನೊಂದು, ಮತ್ತೊಂದು. ಕೊನೆಗೆ ಮೇಲ್ಪದರ ಹೊರಗೆ ಬರುವಂತೆ ಮಡಿಸಿ, ಹೆಬ್ಬೆರಳಿನಿಂದ ಮಡಿಕೆಯ ಮೇಲೆ ಗಟ್ಟಿಯಾಗಿ ಒತ್ತಿ ಎಳೆದರು. ಯಮನಪ್ಪ ಕಣ್ಣು ಮುಚ್ಚಿಕೊಂಡಿದ್ದ. ಮಡಿಕೆ ಬಿಚ್ಚಿದಾಗ ಕೂದಲೆಳೆಯಷ್ಟೂ ಬಿರುಕಿರಲಿಲ್ಲ.

ಗಿಸೆಲಾಬಾಯಿ ತೊಗಲನ್ನು ಎದೆಗೆ ಅವಚಿಕೊಂಡರು. ಮತ್ತೆ ತಮ್ಮನ ಕಡೆ ತಿರುಗಿ ಒಂದೇ ಮಾತು ಹೇಳಿದರು. ಈ ಸಲ ಹನ್ನಾ ತಡಮಾಡಲಿಲ್ಲ. ಇಡೀ ಅಂಗಳಕ್ಕೆ ಕೇಳುವಂತೆ ಕೂಗಿದಳು:

"ಅಜ್ಜ ಮಾಡತಿದ್ದ ತೊಗಲಿಗಿಂತ ಇದು ಚಲೋ ಐತಿ ಅನ್ನಾಕತ್ತಾಳ್ರೋ!"

ಸಾಹೇಬರು ಗುಂಡಿಯ ದಂಡೆಯ ಮೇಲೆ ಕುಸಿದು ಕುಳಿತು ಅತ್ತರು. ಅಕ್ಕ ಅವರ ಪಕ್ಕದಲ್ಲಿ, ಅದೇ ಹಸಿ ನೆಲದ ಮೇಲೆ, ಒಳ್ಳೆಯ ಬಟ್ಟೆಯಲ್ಲೇ ಕುಳಿತು ತಮ್ಮನ ಬೆನ್ನು ಸವರಿದರು. ನಾನೂ ಅತ್ತೆ. ಯಮನಪ್ಪ ಮಾತ್ರ ತಾನು ಅಳಲಿಲ್ಲವೆಂದು ಇವತ್ತಿಗೂ ವಾದಿಸುತ್ತಾನೆ.

ಇಡೀ ಆರ್ಗನ್ನಿನ ತೊಗಲು ನಮ್ಮಿಂದಲೇ ಹೋಯಿತು. ಒಣಗಿದ್ದ ಗುಂಡಿಗಳಿಗೆ ಮತ್ತೆ ನೀರು ಬಂತು. ಆದರೆ ಸಾಹೇಬರು ಊರಿಗೆ ಹೋಗುವ ಮಾತನ್ನು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಒಂದು ಆರ್ಡರಿನಿಂದ ಟ್ಯಾನರಿ ನಡೆಯುತ್ತದೆಯೇ ಎನ್ನುತ್ತಿದ್ದರು. ನಾವೂ ಕೇಳಲು ಹೆದರುತ್ತಿದ್ದೆವು.

ಚಳಿಗಾಲದ ಒಂದು ಸಂಜೆ ಹನ್ನಾ ಎಲ್ಲರನ್ನೂ ಅಂಗಳಕ್ಕೆ ಕರೆದಳು. ಗಿಸೆಲಾಬಾಯಿ ಚರ್ಚಿನೊಳಗೆ ನಿಂತು ಫೋನ್ ಹಿಡಿದಿದ್ದರು. ಪರದೆಯಲ್ಲಿ ಜನ, ದೀಪ, ಗೋಡೆಯೆತ್ತರದ ಕೊಳವೆಗಳು. ಮೊದಲು ಬಿರುಗಾಳಿ ಏಳುವ ಮುಂಚಿನಂತೆ ಸಣ್ಣ ಗುಂಯ್‌ಗುಟ್ಟುವಿಕೆ, ಆಮೇಲೆ ಎದೆ ನಡುಗಿಸುವ ನಾದ. ಅಷ್ಟು ಸಣ್ಣ ಫೋನಿನಿಂದ ಅಷ್ಟು ದೊಡ್ಡ ಸದ್ದು ಬರಬಹುದೆಂದು ನಾನು ಎಣಿಸಿರಲಿಲ್ಲ. ನಮ್ಮ ತೊಗಲು ಉಸಿರಾಡುತ್ತಿತ್ತು. ನನಗೆ ಹೆಮ್ಮೆಯಿಂದ ಎದೆ ತುಂಬಿ ಬಂತು.

ನಾದ ನಿಂತಿತು. ಯಮನಪ್ಪನೇ ಮೊದಲು ಗಂಟಲು ತೆರೆದ. "ಮಸೂತಿ ಕುರಿ ಜೀವಂತ ಇದ್ದಾಗ ಬರೇ ಬ್ಯಾ ಅಂತಿದ್ದೂ. ಈಗ ನೋಡ್ರಿ, ಜರ್ಮನಿ ದೇವರ ಮುಂದ ಏನ್ ಹಾಡಾಕತ್ತಾವು!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗುವಿನ ನಡುವೆ ಹನ್ನಾ ಅಪ್ಪನ ಮುಂದೆ ಹೋಗಿ ನಿಂತು, ನಾವ್ಯಾರೂ ಕೇಳಲಾರದ್ದನ್ನು ಕೇಳಿದಳು. "ಅಪ್ಪಾ, ಹೋಗೂದೋ, ಇರೂದೋ?"

ಸಾಹೇಬರು ಕಣ್ಣೊರೆಸಿಕೊಂಡು ಸುತ್ತ ನೋಡಿದರು. ಆಮೇಲೆ ಯಮನಪ್ಪನನ್ನು ನೋಡಿ ಗದರಿದರು.

"ಏನ್ ಹಲ್ಲ ಕಿಸೀತಿ? ನಾಳೆ ಹೊಸಾ ತೊಗಲು ಬರ್ತಾವು. ಸುಣ್ಣದ ಗುಂಡಿ ತುಂಬು!"